ಕುಡಿತ ಬಿಡಿಸುವುದು ಮೊದಲೋ, ಭಯ ಬಿಡಿಸುವುದು ಮೊದಲೋ?

ಪ್ರಶ್ನೆ: ನಮ್ಮಣ್ಣನಿಗೆ 38 ವರ್ಷ. ಹದಿನೈದು ವರ್ಷದಿಂದ ಲಾರಿ ಓಡಿಸುತ್ತಿದ್ದ. ಎರಡು ವರ್ಷದ ಹಿಂದೆ, ಹಿರಿಯೂರು ದಾಟಿದ ಮೇಲೆ, ಬೆಳಗಿನ ಜಾವ ಮೂರು ಗಂಟೆಗೆ ಲೈಟೂ ಇಲ್ಲದೆ ರಸ್ತೆಯಲ್ಲಿ ನಿಂತಿದ್ದ ಲಾರಿಗೆ ಇವನ ಗಾಡಿ ಗುದ್ದಿತು. ಅಣ್ಣನ ಕಾಲು ಮುರಿಯಿತು. ಪಕ್ಕದಲ್ಲಿ ಕೂತಿದ್ದ ಕ್ಲೀನರ್ ಹುಡುಗ, ನಮ್ಮೂರಿನವನೇ, ಅಲ್ಲೇ ಹೋಗಿಬಿಟ್ಟ. ಕಾಲು ವಾಸಿಯಾಯಿತು, ಆದರೆ ಅಣ್ಣ ಮತ್ತೆ ಗಾಡಿ ಹತ್ತಲಿಲ್ಲ. ಹಬ್ಬಕ್ಕೆ ಹುಣ್ಣಿಮೆಗೆ ಕುಡಿಯುತ್ತಿದ್ದವನು ಈಗ ದಿನಾ ರಾತ್ರಿ ಎರಡು ಕ್ವಾರ್ಟರ್ ಇಲ್ಲದೆ ಮಲಗುವುದಿಲ್ಲ. ನಿದ್ದೆಯಲ್ಲಿ ಕೂಗಿಕೊಂಡು ಏಳುತ್ತಾನೆ. ಬೆಳಿಗ್ಗೆ ಕೈ ನಡುಗುತ್ತದೆ. ಕೋರ್ಟಿನ ವಾಯಿದೆ ಬಂದ ವಾರ ಹಗಲಲ್ಲೂ ಕುಡಿಯುತ್ತಾನೆ. "ಆ ಹುಡುಗನ ಬದಲು ನಾನು ಹೋಗಬೇಕಿತ್ತು" ಅನ್ನುತ್ತಿರುತ್ತಾನೆ. ಗಾಳಿ ಸೋಕಿದೆ ಅಂತ ಅಮ್ಮ ತಾಯಿತ ಕಟ್ಟಿಸಿದ್ದಾಳೆ. ಕುಡಿತ ಬಿಡಿಸುವ ಕೇಂದ್ರವೊಂದಕ್ಕೆ ಕರೆದುಕೊಂಡು ಹೋದರೆ, "ಮೊದಲು ಕುಡಿತ ಬಿಡಲಿ, ಮನಸ್ಸಿನ ವಿಚಾರ ಆಮೇಲೆ ನೋಡೋಣ" ಅಂದರು. ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ ಪುಡಿ ಇದೆ, ತಂದುಕೊಡುತ್ತೇನೆ ಅಂತ ಪರಿಚಯದವರು ಹೇಳುತ್ತಿದ್ದಾರೆ. ಯಾವುದನ್ನು ಮೊದಲು ಮಾಡಬೇಕು? ಅಣ್ಣ ಮೊದಲಿನ ಹಾಗೆ ಆಗುತ್ತಾನಾ?
— ಓದುಗಿ, ಚಿತ್ರದುರ್ಗ ಜಿಲ್ಲೆ

ಉತ್ತರ: ನೀವು ಕೇಳಿದ್ದಕ್ಕೆ ಬರುವ ಮುಂಚೆ, ನೀವು ಕೇಳದ ಮೂರು ಮಾತು ಹೇಳಿಬಿಡುತ್ತೇನೆ. ಇವು ಇವತ್ತೇ ಆಗಬೇಕಾದವು.

"ನಾನು ಹೋಗಬೇಕಿತ್ತು" ಎಂಬ ಮಾತನ್ನು ಕುಡಿದವರ ಮಾತು ಎಂದು ತಳ್ಳಿಹಾಕಬೇಡಿ. ಅವರು ಕುಡಿಯದೇ ಇರುವ ಹೊತ್ತು ನೋಡಿಕೊಂಡು, ಪಕ್ಕದಲ್ಲಿ ಕೂತು, ನೇರವಾಗಿ ಕೇಳಿ: "ಅಣ್ಣಾ, ಸಾಯಬೇಕು ಅಂತ ಅನ್ನಿಸುತ್ತಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. ಎಷ್ಟೋ ಜನ ಆ ಪ್ರಶ್ನೆ ಯಾರಾದರೂ ಕೇಳಲಿ ಎಂದೇ ಕಾದಿರುತ್ತಾರೆ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಇದ್ದರೆ ಇವತ್ತೇ ಬೇರೆಯವರ ಮನೆಗೆ ಸಾಗಿಸಿ. ಬೀಗ ಹಾಕಿ ಇಟ್ಟರೆ ಸಾಲದು, ಮನೆಯಲ್ಲೇ ಇರಬಾರದು. ಹೌದು ಎಂದು ಅವರು ಹೇಳಿದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416 ಟೆಲಿ ಮನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎರಡನೆಯದು ಆ ಪುಡಿ. ಗುಟ್ಟಾಗಿ ಬೆರೆಸಲು ಮಾರುವ ಇಂಥ ಪುಡಿಗಳಲ್ಲಿ ಏನಿದೆ ಎಂದು ಮಾರುವವರಿಗೇ ಗೊತ್ತಿರುವುದಿಲ್ಲ. ಕೆಲವರು ಡೈಸಲ್ಫಿರಾಂ ಮಾತ್ರೆಯನ್ನೇ ಪುಡಿ ಮಾಡಿ ಸಾರಿಗೆ ಹಾಕುತ್ತಾರೆ. ಈ ಔಷಧಿ ಹೊಟ್ಟೆಯಲ್ಲಿದ್ದಾಗ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷ ಮೈಯಲ್ಲಿ ಕೂಡಿಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ವಾಂತಿ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. ಜೀವ ಹೋಗುವುದೂ ಉಂಟು. ಹೀಗಾಗುತ್ತದೆ ಎಂದು ತಿಳಿದು, ಒಪ್ಪಿ, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಳ್ಳುವವರಿಗೆ ಅದೇ ಔಷಧಿ ಸಹಾಯ ಮಾಡುತ್ತದೆ. ಗೊತ್ತಿಲ್ಲದವರಿಗೆ ಅದು ವಿಷ. ಇನ್ನೊಂದು ನಷ್ಟವೂ ಇದೆ: ವಿಷಯ ಹೊರಬಿದ್ದ ದಿನ ಮನೆಯ ಅನ್ನದ ಮೇಲೂ ಅವರಿಗೆ ನಂಬಿಕೆ ಉಳಿಯುವುದಿಲ್ಲ. ಜಗತ್ತೇ ಅಪಾಯ ಅನ್ನಿಸುತ್ತಿರುವ ಮನುಷ್ಯನಿಗೆ ಉಳಿದಿರುವ ಒಂದೇ ಜಾಗ ಮನೆ.

ಮೂರನೆಯದು, "ನಾಳೆಯಿಂದ ಒಂದು ತೊಟ್ಟೂ ಮುಟ್ಟಬೇಡ" ಎಂದು ಕೋಣೆಯಲ್ಲಿ ಕೂಡಿಹಾಕಬೇಡಿ. ಎರಡು ಕ್ವಾರ್ಟರ್ ಎಂದರೆ 30 ಎಂ.ಎಲ್. ಪೆಗ್ಗಿನ ಲೆಕ್ಕದಲ್ಲಿ ದಿನಕ್ಕೆ 12 ಪೆಗ್. ಬೆಳಿಗ್ಗೆ ಕೈ ನಡುಗುವುದು ಮೈ ಆಗಲೇ ಮದ್ಯಕ್ಕೆ ಒಗ್ಗಿಹೋಗಿದೆ ಎಂಬುದರ ಗುರುತು. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಕೆಲವರಿಗೆ ದಿಕ್ಕು, ಹೊತ್ತು ತಿಳಿಯದಂತಾಗುತ್ತದೆ, ಇಲ್ಲದ ಹುಳಹುಪ್ಪಟೆ ಕಾಣುತ್ತವೆ, ಮೈ ಬೆವತು ಜ್ವರ ಏರುತ್ತದೆ. ಡೆಲೀರಿಯಂ ಎಂಬ ಈ ಸ್ಥಿತಿಯಲ್ಲಿ ಚಿಕಿತ್ಸೆ ಸಿಗದೆ ಜನ ಸಾಯುತ್ತಾರೆ. ಹಳ್ಳಿಗಳಲ್ಲಿ ಇದನ್ನೇ ಗಾಳಿ, ದೆವ್ವ ಎಂದು ತಿಳಿದು ದಿನ ಕಳೆದ ಮನೆಗಳನ್ನು ನಾನು ನೋಡಿದ್ದೇನೆ. ಆ ನೋವು ನನಗೆ ಇನ್ನೂ ಹೋಗಿಲ್ಲ. ಆಸ್ಪತ್ರೆಯಲ್ಲಾದರೆ ಕೆಲವು ದಿನ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಇಳಿಸಿ, ಥಯಾಮಿನ್ ಎಂಬ ಬಿ1 ವಿಟಮಿನ್ ಚುಚ್ಚಿ, ಈ ಘಟ್ಟವನ್ನು ಸುರಕ್ಷಿತವಾಗಿ ದಾಟಿಸುತ್ತಾರೆ. ಒಂದು ವಾರದ ಕೆಲಸ ಅದು.

ಈಗ ನಿಮ್ಮ ಪ್ರಶ್ನೆ. ಯಾವುದು ಮೊದಲು? ಆ ಒಂದು ವಾರವನ್ನು ಬಿಟ್ಟರೆ, ಎರಡೂ ಒಟ್ಟಿಗೇ. ನಿಮಗೆ ಹೇಳಿಕಳಿಸಿದ ಉತ್ತರ ಹಳೆಯದು, ಅದನ್ನು ಹೇಳಿದವರ ಮನಸ್ಸು ಕೆಟ್ಟದ್ದಲ್ಲ. ಬಹಳ ಕಾಲ ನಮ್ಮ ಕ್ಷೇತ್ರವೆಲ್ಲ ಹಾಗೇ ನಂಬಿತ್ತು. ಆದರೆ ಆ ಸಲಹೆಯಿಂದ ನಿಮ್ಮಣ್ಣನಂಥವರು ಎರಡು ಬಾಗಿಲ ನಡುವೆ ನಿಂತುಬಿಡುತ್ತಾರೆ. ಭಯ ಇರುವುದರಿಂದ ಕುಡಿತ ಬಿಡಲಾಗದು, ಕುಡಿತ ಬಿಡದ್ದರಿಂದ ಭಯಕ್ಕೆ ಚಿಕಿತ್ಸೆ ಸಿಗದು.

ನಿಮ್ಮ ಕಾಗದವನ್ನೇ ಇನ್ನೊಮ್ಮೆ ಓದಿ. ಅಪಘಾತ ನಿದ್ದೆಯಲ್ಲಿ ಮರಳಿ ಬರುತ್ತಿದೆ. ಗಾಡಿಯಿಂದ ದೂರ ಇದ್ದಾರೆ. ತಾನು ಉಳಿದದ್ದೇ ತಪ್ಪು ಎಂಬ ಭಾವ ಕೂತಿದೆ. ಮೈ ಸದಾ ಎಚ್ಚರದಲ್ಲಿದೆ; ನೀವು ಬರೆದಿಲ್ಲ, ಆದರೆ ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದರೆ, ಪಾತ್ರೆ ಬಿದ್ದರೆ ಅವರು ಬೆಚ್ಚಿಬೀಳುತ್ತಾರೆ ಎಂದು ನನ್ನ ಅಂದಾಜು. ಈ ನಾಲ್ಕೂ ಸೇರಿ ಒಂದು ತಿಂಗಳು ಮೀರಿ ಉಳಿದು ಬದುಕನ್ನು ಕೆಡಿಸುತ್ತಿದ್ದರೆ ಅದನ್ನು ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ ಎನ್ನುತ್ತೇವೆ. ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಈ ಹೆಸರನ್ನು ಸೇರಿಸಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ನೋವು ಆ ಹೆಸರಿನ ಹಿಂದೆ ದೊಡ್ಡದಾಗಿತ್ತು. ಹಾಗಾಗಿ ಇದು ಸೈನಿಕರ ಕಾಯಿಲೆ ಎಂಬ ಭಾವನೆ ಇನ್ನೂ ಇದೆ. ನಮ್ಮಲ್ಲಿ ಯುದ್ಧಕ್ಕಿಂತ ರಸ್ತೆ ದೊಡ್ಡದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಸತ್ತವರ ಪಕ್ಕದ ಸೀಟಿನಲ್ಲಿ ಕೂತು ಬದುಕಿ ಬಂದವರ ಮನಸ್ಸಿನ ಲೆಕ್ಕ ಆ ಸರ್ಕಾರಿ ವರದಿಯ ಯಾವ ಕಲಮಿನಲ್ಲೂ ಇಲ್ಲ. ಕಾಲು ಕೂಡಿತೋ ಇಲ್ಲವೋ ಎಂದು ಎಕ್ಸ್‌ರೇ ತೆಗೆದು ನೋಡಿದ ನಾವು, ನಿದ್ದೆ ಬರುತ್ತಿದೆಯೇ ಎಂದು ಕೇಳುವುದಿಲ್ಲ. ಎಲ್ಲ ಅಪಘಾತ ವಾರ್ಡುಗಳಲ್ಲೂ ಆ ಒಂದು ಪ್ರಶ್ನೆ ಕೇಳುವಂತಾಗಬೇಕು ಎಂಬುದು ನನ್ನ ಬಹುದಿನದ ಹಂಬಲ.

ಮದ್ಯ ಇದರೊಳಗೆ ಹೇಗೆ ಬಂತು ಎಂಬುದು ನಿಮಗೆ ಅರ್ಥವಾದರೆ ಅರ್ಧ ಜಗಳ ಮನೆಯಲ್ಲಿ ನಿಲ್ಲುತ್ತದೆ. ಮೊದಲ ದಿನಗಳಲ್ಲಿ ಅದು ಕೆಲಸ ಮಾಡಿತು. ಇದನ್ನು ಒಪ್ಪಿಕೊಳ್ಳದೆ ಮುಂದಕ್ಕೆ ಹೋಗಲಾಗುವುದಿಲ್ಲ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಬ್ರೇಕಿನ ಹಾಗೆ, ಗ್ಲುಟಮೇಟ್ ಎಂಬುದು ಆಕ್ಸಿಲರೇಟರಿನ ಹಾಗೆ. ಮದ್ಯ ಬ್ರೇಕನ್ನು ಒತ್ತಿ ಆಕ್ಸಿಲರೇಟರನ್ನು ಸಡಿಲ ಮಾಡುತ್ತದೆ. ಎದೆ ಹೊಡೆದುಕೊಳ್ಳುವುದು ನಿಲ್ಲುತ್ತದೆ, ಕಣ್ಣು ಮುಚ್ಚುತ್ತದೆ, ಆ ರಾತ್ರಿಯ ಚಿತ್ರ ದೂರವಾಗುತ್ತದೆ. ಆದರೆ ದಿನಾ ಹೀಗೇ ಒತ್ತುತ್ತಿದ್ದರೆ ಮಿದುಳು ಅದಕ್ಕೆ ಹೊಂದಿಕೊಂಡು ತನ್ನ ಬ್ರೇಕನ್ನು ಸಡಿಲಿಸಿ, ಆಕ್ಸಿಲರೇಟರನ್ನು ಬಿಗಿ ಮಾಡಿಕೊಳ್ಳುತ್ತದೆ. ನಡುರಾತ್ರಿ ಕಳೆದು ಮದ್ಯ ಇಳಿಯುತ್ತಿದ್ದಂತೆ ನಿದ್ದೆ ಒಡೆಯುತ್ತದೆ. ಮೊದಲರ್ಧ ರಾತ್ರಿ ಅದು ತಡೆಹಿಡಿದಿದ್ದ ಕನಸಿನ ನಿದ್ದೆ ಎರಡನೇ ಅರ್ಧದಲ್ಲಿ ಒತ್ತರಿಸಿ ಬರುತ್ತದೆ, ಜೊತೆಗೆ ಕೆಟ್ಟ ಕನಸೂ ಬರುತ್ತದೆ. ಅಪಘಾತವಾದದ್ದೂ ಅದೇ ಹೊತ್ತಿನಲ್ಲಿ ಎಂಬುದನ್ನು ಮರೆಯಬೇಡಿ. ಬೆಳಿಗ್ಗೆ ಎದ್ದರೆ ಕೈ ನಡುಕ, ಬೆವರು, ದಿಗಿಲು. ಮೀಟರ್ ಬಡ್ಡಿ ಸಾಲದ ಹಾಗೆ ಇದು. ಸಂಜೆ ತಂದ ನೆಮ್ಮದಿಗೆ ಬೆಳಿಗ್ಗೆ ಬಡ್ಡಿ. ಆ ಬಡ್ಡಿ ತೀರಿಸಲು ಸಂಜೆ ಮತ್ತೆ ಸಾಲ.

ಹಾರ್ವರ್ಡ್‌ನ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯಾನ್ 1985ರಲ್ಲಿ ಇದಕ್ಕೊಂದು ಹೆಸರು ಕೊಟ್ಟು ಬರೆದರು: ತನಗೆ ತಾನೇ ಔಷಧಿ ಮಾಡಿಕೊಳ್ಳುವುದು. ಜನ ಮಜಕ್ಕಾಗಿಯೇ ವ್ಯಸನಕ್ಕೆ ಬೀಳುತ್ತಾರೆ ಎಂದು ಗಟ್ಟಿಯಾಗಿ ನಂಬಿದ್ದ ಕಾಲದಲ್ಲಿ, ತಡೆಯಲಾಗದ ನೋವಿನಿಂದ ತಪ್ಪಿಸಿಕೊಳ್ಳಲು ಬೀಳುತ್ತಾರೆ ಎಂದರು. ಈ ವಿವರಣೆ ಎಲ್ಲರಿಗೂ ಹೊಂದುವುದಿಲ್ಲ. ಮನೆತನದಲ್ಲಿ ಬಂದ ಒಲವು, ಜೊತೆಗಾರರು, ಬೀದಿಗೊಂದು ಅಂಗಡಿ, ಇವೂ ಸೇರುತ್ತವೆ. ನಿಮ್ಮಣ್ಣನಿಗೆ ಮಾತ್ರ ಅದು ಅಚ್ಚು ಹೊಯ್ದಂತೆ ಹೊಂದುತ್ತದೆ. ಹಬ್ಬದಲ್ಲಿ ಕುಡಿಯುತ್ತಿದ್ದ ಕೈ ಅಪಘಾತದ ನಂತರ ದಿನಾ ಬಾಟಲಿ ಹಿಡಿಯಿತು, ವಾಯಿದೆ ಬಂದಾಗ ಹಗಲಿಗೂ ಹಿಡಿಯಿತು. ಕುಡಿತ ಯಾವುದರ ಬೆನ್ನು ಹತ್ತಿ ಹೋಗುತ್ತಿದೆ ಎಂಬುದನ್ನು ನೀವೇ ಬರೆದು ತೋರಿಸಿದ್ದೀರಿ.

ಅದೇ 1985ರಲ್ಲಿ ಸ್ಟೀವನ್ ರೈಸ್ ಮತ್ತು ರಿಚರ್ಡ್ ಮ್ಯಾಕ್‌ನ್ಯಾಲಿ ಇನ್ನೊಂದು ವಿಚಾರ ಮುಂದಿಟ್ಟರು. ಕೆಲವರಿಗೆ ಭಯದ ಭಯ ಇರುತ್ತದೆ. ಎದೆ ಜೋರಾಗಿ ಹೊಡೆದುಕೊಂಡರೆ "ಇದು ಆತಂಕ, ಇಳಿಯುತ್ತೆ" ಅನ್ನಿಸುವ ಬದಲು "ಸತ್ತೇ ಹೋಗುತ್ತೇನೆ, ಹುಚ್ಚು ಹಿಡಿಯುತ್ತೆ" ಅನ್ನಿಸುತ್ತದೆ. ಕೆನಡಾದ ಶೆರಿ ಸ್ಟುವರ್ಟ್ ಅವರಂಥ ಸಂಶೋಧಕರು ಈ ಸ್ವಭಾವಕ್ಕೂ ಕುಡಿತಕ್ಕೂ ಇರುವ ನಂಟನ್ನು ವರ್ಷಗಟ್ಟಲೆ ಬೆನ್ನಟ್ಟಿದ್ದಾರೆ. ಮೈಯೊಳಗಿನ ಸದ್ದಿಗೇ ಹೆದರುವವರು ಆ ಸದ್ದನ್ನು ಅಡಗಿಸಲು ಕುಡಿಯುತ್ತಾರೆ. ನಿಮ್ಮಣ್ಣನ ಬೆಳಗನ್ನು ಈಗ ನೋಡಿ. ನಡುಕ ಬಂದಿದ್ದು ಮದ್ಯ ಇಳಿದದ್ದರಿಂದ. ಆದರೆ ಅಪಘಾತದ ಹೊತ್ತಿನಲ್ಲೂ ಮೈ ಹೀಗೇ ನಡುಗಿತ್ತು. ಮಿದುಳಿಗೆ ಎರಡೂ ಒಂದೇ. ಮತ್ತೆ ಏನೋ ಆಗುತ್ತಿದೆ ಎಂದು ಅದು ಗಂಟೆ ಬಾರಿಸುತ್ತದೆ.

ಹಾಗಾದರೆ ಮೊದಲು ಕುಡಿತ ಎಂದು ಯಾಕೆ ಹೇಳುತ್ತಿದ್ದರು? ಗಾಯ ಕೆದಕಿದರೆ ನೋವು ತಾಳಲಾರದೆ ಇನ್ನೂ ಕುಡಿದಾರು ಎಂಬ ಹೆದರಿಕೆ. ಆ ಹೆದರಿಕೆಯನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕ್ಯಾಥರೀನ್ ಮಿಲ್ಸ್ ಮತ್ತು ಜೊತೆಗಾರರು ಪಿಟಿಎಸ್‌ಡಿ, ವ್ಯಸನ ಎರಡೂ ಇದ್ದ 103 ಜನರನ್ನು ತೆಗೆದುಕೊಂಡರು. ಕೆಲವರಿಗೆ ಎಂದಿನ ವ್ಯಸನ ಚಿಕಿತ್ಸೆ ಮಾತ್ರ. ಉಳಿದವರಿಗೆ ಅದರ ಜೊತೆಗೇ, ಆಘಾತದ ನೆನಪನ್ನು ಎದುರುಗೊಳ್ಳುವ ಚಿಕಿತ್ಸೆ. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡನೇ ಗುಂಪಿನವರ ಪಿಟಿಎಸ್‌ಡಿ ಹೆಚ್ಚು ಇಳಿಯಿತು, ಅವರ ವ್ಯಸನ ಮಾತ್ರ ಏರಲಿಲ್ಲ. ಅದಕ್ಕೂ ಮುಂಚೆ ಅಮೆರಿಕದಲ್ಲಿ ಡೆನಿಸ್ ಹೀನ್ ಮತ್ತು ತಂಡ 353 ಹೆಂಗಸರನ್ನು ಅಧ್ಯಯನ ಮಾಡಿತ್ತು. ಪಿಟಿಎಸ್‌ಡಿ ಇಳಿದವರಲ್ಲಿ ಮುಂದೆ ವ್ಯಸನವೂ ಇಳಿದದ್ದು ಕಂಡಿತು. ವ್ಯಸನ ಇಳಿದದ್ದರಿಂದ ಪಿಟಿಎಸ್‌ಡಿ ಇಳಿಯಿತು ಎನ್ನಲು ಆಧಾರ ಸಿಕ್ಕಿದ್ದು ಬಹಳ ಕಡಿಮೆ. ಹಾಗೆಂದು ಇವು ಪವಾಡದ ಚಿಕಿತ್ಸೆಗಳಲ್ಲ. ನಡುವೆಯೇ ಬಿಟ್ಟುಹೋಗುವವರು ಎಲ್ಲ ಅಧ್ಯಯನಗಳಲ್ಲೂ ಬಹಳ ಇರುತ್ತಾರೆ. ಆದರೂ "ಆಮೇಲೆ ನೋಡೋಣ" ಎಂದು ವಾಪಸ್ ಕಳಿಸುವುದಕ್ಕೆ ಈಗ ಸಮರ್ಥನೆ ಇಲ್ಲ.

ಚಿಕಿತ್ಸೆಯಲ್ಲಿ ಏನು ನಡೆಯುತ್ತದೆ ಎಂದು ಹೇಳುತ್ತೇನೆ, ಯಾಕೆಂದರೆ "ಕೌನ್ಸೆಲಿಂಗ್" ಎಂದರೆ ಬುದ್ಧಿಮಾತು ಎಂದು ನಿಮ್ಮಣ್ಣ ತಿಳಿದಿರಬಹುದು. ಬುದ್ಧಿಮಾತನ್ನು ಅವರು ಎರಡು ವರ್ಷದಿಂದ ಕೇಳಿ ಸಾಕಾಗಿದ್ದಾರೆ.

ನನ್ನಲ್ಲಿ ಬರುತ್ತಿದ್ದ ಒಬ್ಬ ಬಸ್ ಚಾಲಕರ ಮಾತು ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವರೂ ಹೀಗೇ ಒಂದು ಜೀವ ಹೋದದ್ದನ್ನು ಕಣ್ಣಾರೆ ಕಂಡಿದ್ದರು, ಅವರೂ ಕುಡಿಯುತ್ತಿದ್ದರು. ಆಸ್ಪತ್ರೆಯಲ್ಲಿ ಮದ್ಯ ಇಳಿಸಿದ ಮೇಲೆ ಮೊದಲ ಕೆಲವು ಭೇಟಿ ಕುಡಿತದ ಲೆಕ್ಕವನ್ನೇ ಬರೆದೆವು: ಯಾವ ಹೊತ್ತಿಗೆ ಬೇಕೆನ್ನಿಸಿತು, ಅದಕ್ಕೆ ಅರ್ಧ ಗಂಟೆ ಮುಂಚೆ ಏನಾಗಿತ್ತು. ಮೂರು ವಾರದಲ್ಲಿ ಅವರೇ ಕಂಡುಕೊಂಡರು, ಹತ್ತರಲ್ಲಿ ಏಳೆಂಟು ಸಲ ಮುಂಚೆ ಡೀಸೆಲ್ ವಾಸನೆಯೋ ಸೈರನ್ನೋ ಇದ್ದೇ ಇರುತ್ತಿತ್ತು. ಆಮೇಲೆ ಮೆಟ್ಟಿಲು ಹಾಕಿದೆವು. ಮೊದಲು ಡಿಪೋದ ಗೇಟಿನ ಹೊರಗೆ ನಿಲ್ಲುವುದು. ನಂತರ ಒಳಗೆ ಹೋಗಿ, ನಿಂತ ಬಸ್ಸಿನ ಪ್ರಯಾಣಿಕರ ಸೀಟಿನಲ್ಲಿ ಕೂರುವುದು. ಎದೆಬಡಿತ ಏರಿ, ತಾನಾಗಿ ಇಳಿಯುವವರೆಗೆ ಎದ್ದು ಬರುವ ಹಾಗಿಲ್ಲ. ಚಾಲಕನ ಸೀಟಿಗೆ ಬರಲು ಐದು ವಾರ ಬೇಕಾಯಿತು. ಜೊತೆಜೊತೆಗೆ ಆ ದಿನವನ್ನು ಕಣ್ಣು ಮುಚ್ಚಿ, ಈಗ ನಡೆಯುತ್ತಿದೆ ಎಂಬಂತೆ, ಮೊದಲಿಂದ ಕೊನೆಯವರೆಗೆ ಹೇಳುವುದು. ಅದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ದಿನಾ ಕೇಳುವುದು. ಎಡ್ನಾ ಫೋವಾ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ ವಿಧಾನ ಇದು. ಮೊದಲ ಸಲ ಹೇಳಿದಾಗ ಅವರು ಬೆವರಿನಲ್ಲಿ ತೊಯ್ದುಹೋದರು. ಆರನೇ ಸಲ ನಡುವೆ ನಿಲ್ಲಿಸಿ, "ಮೇಡಂ, ನಾನು ಬ್ರೇಕ್ ಒತ್ತಿದ್ದೆ" ಅಂದರು. ಅಷ್ಟು ದಿನ ಆ ಕ್ಷಣ ಅವರ ನೆನಪಿನಲ್ಲೇ ಇರಲಿಲ್ಲ. ತಾನು ಏನೂ ಮಾಡಲಿಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಿದ್ದ ಮನುಷ್ಯ ಅಂದು ಮೇಜಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತರು.

ಮರೆತುಬಿಡು ಎಂದು ಎಲ್ಲರೂ ಹೇಳುತ್ತಾರಲ್ಲ, ಈ ಚಿಕಿತ್ಸೆ ಅದಕ್ಕೆ ತದ್ವಿರುದ್ಧ. ತಪ್ಪಿಸಿಕೊಂಡಷ್ಟೂ ನೆನಪು ಬೆಳೆಯುತ್ತದೆ. ಗಾಡಿ ಹತ್ತದಿರುವುದು, ಆ ರಸ್ತೆಗೆ ಹೋಗದಿರುವುದು, ಕುಡಿದು ಮಲಗುವುದು, ಇವೆಲ್ಲ ಒಂದೇ ಕೆಲಸದ ಬೇರೆಬೇರೆ ಮುಖ. ಹಾಗೆಂದು ನೀವು ಮನೆಯಲ್ಲಿ ಬಲವಂತವಾಗಿ ಗಾಡಿ ಹತ್ತಿಸಬೇಡಿ, ಅಪಘಾತದ ಕತೆ ಹೇಳಿಸಬೇಡಿ. ಕೈಹಿಡಿದು ಇಳಿಸುವವರು ಬೇಕು, ತಯಾರಿ ಬೇಕು. ಅಷ್ಟು ತಯಾರಿಲ್ಲದವರಿಗೆ ಬೇರೆ ದಾರಿಯೂ ಇದೆ. ಲಿಸಾ ನಜವಿಟ್ಸ್ ರೂಪಿಸಿದ ಚಿಕಿತ್ಸೆಯಲ್ಲಿ ಹಳೆಯದನ್ನು ಕೆದಕುವುದಿಲ್ಲ. ಇವತ್ತಿನ ರಾತ್ರಿಯನ್ನು ಸುರಕ್ಷಿತವಾಗಿ ಕಳೆಯುವ ಕೌಶಲಗಳನ್ನು ಕಲಿಸುತ್ತಾರೆ.

ಔಷಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಮನೋವೈದ್ಯರ ಕೆಲಸ. ಪಿಟಿಎಸ್‌ಡಿಗೆ ಸರ್ಟ್ರಲೀನ್‌ನಂಥ ಮಾತ್ರೆಗಳಿವೆ, ಕುಡಿಯುವ ಹಂಬಲ ತಗ್ಗಿಸಲು ನಾಲ್‌ಟ್ರೆಕ್ಸೋನ್‌ನಂಥವಿವೆ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡುವುದು ಮಾತ್ರ ಬೇಡವೇ ಬೇಡ. ಮದ್ಯದ ಜೊತೆ ಅದು ಉಸಿರನ್ನೇ ನಿಲ್ಲಿಸಬಲ್ಲದು.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಆದರೆ ನಿಮ್ಮ ಜಿಲ್ಲಾ ಆಸ್ಪತ್ರೆಯಿಂದಲೇ ಶುರು ಮಾಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಅಲ್ಲಿರುತ್ತದೆ. ಇಡೀ ದೇಶಕ್ಕೆ ಹರಡಿದ ಈ ಕಾರ್ಯಕ್ರಮದ ಮೊದಲ ಮಾದರಿ ರೂಪುಗೊಂಡದ್ದು 1980ರ ದಶಕದಲ್ಲಿ ನಿಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದರೂ ಆದೀತು. ದೊಡ್ಡ ಮನಶ್ಶಾಸ್ತ್ರಜ್ಞರೇ ಬೇಕೆಂದು ಕಾಯಬೇಡಿ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಪರೀತ ಕುಡಿಯುವ 370ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಕೆಲವೇ ಭೇಟಿಗಳಲ್ಲಿ ಹಲವರ ಕುಡಿತ ಇಳಿಸಿದ್ದರು. ನಿಮ್ಮಣ್ಣನಷ್ಟು ಮದ್ಯಕ್ಕೆ ಅಂಟಿಹೋದವರಿಗೆ ಅಷ್ಟೇ ಸಾಲುವುದಿಲ್ಲ, ಆದರೆ ಬಾಗಿಲು ತೆರೆಯಲು ಸಾಕು. ಹೋದಾಗ "ಕುಡಿತ ಬಿಡಿಸಿ" ಎಂದಷ್ಟೇ ಹೇಳಬೇಡಿ. ಅಪಘಾತ, ಕನಸು, ವಾಯಿದೆ, ಸಾಯುವ ಮಾತು, ಎಲ್ಲವನ್ನೂ ನನಗೆ ಬರೆದ ಹಾಗೆಯೇ ಒಂದು ಹಾಳೆಯಲ್ಲಿ ಬರೆದು ಕೊಡಿ.

ಅವರನ್ನು ಒಪ್ಪಿಸುವುದು ನಿಮ್ಮ ಪಾಲಿನ ಕಷ್ಟದ ಕೆಲಸ. "ಯಾಕೆ ಕುಡೀತೀಯ" ಎಂಬ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಜಗಳ ಬರುತ್ತದೆ. "ರಾತ್ರಿ ನಿದ್ದೆ ಹೇಗಿತ್ತಣ್ಣ" ಎಂದು ಬೆಳಿಗ್ಗೆ ಕೇಳಿ ನೋಡಿ. ನಿದ್ದೆಗಾಗಿ ಡಾಕ್ಟರ ಹತ್ತಿರ ಹೋಗೋಣ ಎಂದರೆ ಬರುವ ಗಂಡಸರು, ಕುಡಿತಕ್ಕಾಗಿ ಎಂದರೆ ಬರುವುದಿಲ್ಲ. ಅದು ಮೋಸವಲ್ಲ, ನಿದ್ದೆಯೇ ಅವರ ನಿಜವಾದ ನೋವು. ತಾಯಿಯ ತಾಯಿತ ಇರಲಿ, ಬಿಚ್ಚಿಸಬೇಡಿ. ಕುಡಿದಾಗ ಅತ್ತಿಗೆಯ ಮೇಲೆ, ಮಕ್ಕಳ ಮೇಲೆ ಕೈ ಮಾಡುತ್ತಿದ್ದರೆ ಮಾತ್ರ ಅವರಿಗೆ ಬೇರೆ ಕಡೆ ಮಲಗುವ ಏರ್ಪಾಡು ಮೊದಲು ಆಗಬೇಕು. ಕಾಯಿಲೆ ಇದೆ ಎಂಬ ಕಾರಣಕ್ಕೆ ಪೆಟ್ಟು ತಿನ್ನುವುದು ಯಾರ ಕರ್ತವ್ಯವೂ ಅಲ್ಲ.

ಒಮ್ಮೆ ಕುಡುಕನಾದರೆ ಸಾಯುವವರೆಗೂ ಕುಡುಕ ಎಂದು ನಿಮ್ಮ ಕಿವಿಗೆ ಬೀಳುತ್ತಿರಬೇಕು. ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೈನಿಕರಲ್ಲಿ ನೂರಕ್ಕೆ 20ರಷ್ಟು ಮಂದಿ ಅಲ್ಲಿ ಹೆರಾಯಿನ್‌ನಂಥ ಮಾದಕಗಳಿಗೆ ಅಂಟಿಹೋಗಿದ್ದರು. 1971ರಲ್ಲಿ ಊರಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದಾಗ, ಹಾಗೆ ಅಂಟಿದ್ದವರಲ್ಲಿ ಮೊದಲ ವರ್ಷ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಐದರಷ್ಟು ಮಾತ್ರ. ಜಾಗ ಬದಲಾಯಿತು, ಭಯ ಇಲ್ಲವಾಯಿತು, ಸುತ್ತಲಿನ ಜನ ಬದಲಾದರು. ನಿಮ್ಮಣ್ಣನ ಅಂಗಡಿ ಅಲ್ಲೇ ರಸ್ತೆಯಲ್ಲಿದೆ, ಅಷ್ಟು ಸುಲಭವಲ್ಲ. ನಡುವೆ ಒಂದೆರಡು ಸಲ ಜಾರುತ್ತಾರೆ, ಅದರಲ್ಲೂ ವಾಯಿದೆಯ ವಾರದಲ್ಲಿ. ಆ ದಿನಾಂಕವನ್ನು ವೈದ್ಯರಿಗೆ ಮೊದಲೇ ತಿಳಿಸಿ, ಅದರ ಹಿಂದಿನ ದಿನವೇ ಒಂದು ಭೇಟಿ ಇಟ್ಟುಕೊಳ್ಳಿ. ಕೋರ್ಟಿಗೆ ಅವರೊಬ್ಬರನ್ನೇ ಕಳಿಸಬೇಡಿ.

ಮೊದಲಿನ ಹಾಗೆ ಆಗುತ್ತಾನಾ ಎಂದು ಕೇಳಿದ್ದೀರಿ. ಆ ಹುಡುಗ ಪಕ್ಕದ ಸೀಟಿನಲ್ಲಿದ್ದ ಕಾಲಕ್ಕೆ ಅವರು ಮರಳಲಾರರು, ಆ ದುಃಖ ಅವರ ಜೊತೆ ಉಳಿಯುತ್ತದೆ. ಕನಸು ಕಡಿಮೆಯಾಗಬಹುದು. ಕುಡಿಯದೆ ಮಲಗಬಹುದು. ಬಸ್ ಚಾಲಕರು ಒಂದು ವರ್ಷದ ನಂತರ ಮೃತರ ಮನೆಗೆ ಹೋಗಿ, ಆ ತಾಯಿಯ ಎದುರು ಕೂತು ಬಂದರು. ಏನು ಮಾತಾಡಿದಿರಿ ಎಂದು ಕೇಳಿದೆ. "ಏನಿಲ್ಲ ಮೇಡಂ, ಊಟ ಮಾಡಿಕೊಂಡು ಹೋಗು ಅಂದರು, ಮಾಡಿದೆ" ಅಂದರು. ನಿಮ್ಮೂರಿನಲ್ಲೂ ಅಂಥದೊಂದು ಮನೆ ಇದೆ. ಅಣ್ಣ ಎರಡು ವರ್ಷದಿಂದ ಆ ಬೀದಿಯನ್ನು ತಪ್ಪಿಸಿ ಓಡಾಡುತ್ತಿರಬಹುದು. ಅದನ್ನೂ ಆ ಹಾಳೆಯಲ್ಲಿ ಬರೆಯಿರಿ.